ಬಂಡೆಯ ನಾಲ್ಕನೆಯ ಸಾಲು

ಭಾನುವಾರ ಸಂಜೆ ಐದು ಗಂಟೆಯೊಳಗೆ ಬೆಟ್ಟದ ಹಿಂಬದಿಯ ಶಾಸನದ ಫೋಟೊ ಬೇಕು. ಅದರಲ್ಲಿ ನಾಲ್ಕನೆಯ ಸಾಲು ಕಾಣಬೇಕು. ಬಂಡೆಗೆ ಏನನ್ನೂ ಬಳಿದಿರಬಾರದು. ಶಾಸನಗಳ ಪುಸ್ತಕ ತರುತ್ತಿದ್ದ ಸಮಿತಿಯ ಕಾರ್ಯದರ್ಶಿ ಸುಂದರೇಶ ಅವರು ಪ್ರೇಮಲೀಲಾ ಮೇಡಂಗೆ ಹೇಳಿದ್ದು ಇಷ್ಟೇ. ಸೋಮವಾರ ಪುಸ್ತಕ ಅಚ್ಚಿಗೆ ಹೋಗುತ್ತಿತ್ತು.

ಫೋಟೊ ಶುಕ್ರವಾರವೇ ತೆಗೆದಾಗಿತ್ತು. ಶನಿವಾರ ಮಧ್ಯಾಹ್ನ ಚಾಮರಾಜಪುರಂನ ಸ್ಟುಡಿಯೋದಲ್ಲಿ ಶಿವಕಿರಣ್ ಅದನ್ನು ಕಂಪ್ಯೂಟರಿನಲ್ಲಿ ತೆರೆದು ಕುರ್ಚಿ ಹಿಂದಕ್ಕೆ ಸರಿಸಿದ.

"ನೋಡಿ ಮೇಡಂ, ಹೆಂಗೆ ಬಂದಿದೆ! ಗೀರು, ಕಲೆ ಎಲ್ಲಾ ತೆಗೆದ್ಬುಟ್ಟೆ."

ಪ್ರೇಮಲೀಲಾ ಕನ್ನಡಕ ಏರಿಸಿಕೊಂಡು ನೋಡಿದರು. ಮೂರು ಸಾಲು ಸ್ಪಷ್ಟವಾಗಿದ್ದವು. ಅದರ ಕೆಳಗೆ ಬಂಡೆ ಮದುಮಗಳ ಕೆನ್ನೆಯ ಹಾಗೆ ನುಣ್ಣಗಿತ್ತು.

"ನಾಲ್ಕನೇದು ಎಲ್ಲೋ?"

"ಅಲ್ಲಿ ಬರೀ ಗೀರು ಇತ್ತಲ್ಲ ಮೇಡಂ..." ಎಂದವನಿಗೆ ತಾನು ಅಳಿಸಿದ್ದು ಅಕ್ಷರ ಎಂದು ಆಗ ಹೊಳೆಯಿತು.

ಹುಡುಗ ಕೆಟ್ಟವನಲ್ಲ. ಸ್ಟುಡಿಯೋ ಮಾಲೀಕ ಗುರುಮಲ್ಲಪ್ಪ ಅವನನ್ನು ಮೂರು ತಿಂಗಳು ಕುವೆಂಪುನಗರದ ಕ್ಲಾಸಿಗೆ ಕಳಿಸಿ ಫೋಟೊ ತಿದ್ದುವುದನ್ನು ಕಲಿಸಿದ್ದರು. ೨೦೦೪ರ ಈ ಜನವರಿಯವರೆಗೆ ಅವನು ಮಾಡಿದ್ದೆಲ್ಲ ಒಂದೇ ಕೆಲಸ. ಮೊಡವೆ ಅಳಿಸು, ಮಚ್ಚೆ ಅಳಿಸು, ಹೆಣ್ಣು ತೋರಿಸುವ ಫೋಟೊದಲ್ಲಿ ಕಣ್ಣ ಕೆಳಗಿನ ಕಪ್ಪು ಅಳಿಸು. ಬಂಡೆ ಸಿಕ್ಕಿದರೂ ಕೈ ಅದನ್ನೇ ಮಾಡಿತು. ಅಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ಮಹಾಶಯ ತಿದ್ದಿದ್ದನ್ನು ಅದೇ ಹೆಸರಿನಲ್ಲಿ ಸೇವ್ ಮಾಡಿದ್ದ. ಒಂದು ನಾಮಕರಣದ ಫೋಟೊಗಳಿಗೆ ಜಾಗ ಬೇಕೆಂದು ಕ್ಯಾಮೆರಾದ ಕಾರ್ಡನ್ನೂ ಖಾಲಿ ಮಾಡಿಬಿಟ್ಟಿದ್ದ.

ಪ್ರೇಮಲೀಲಾಗೆ ಅಳು ಬಂತು. ಅರವತ್ತೊಂದು ವರ್ಷದ, ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿದ ಹೆಂಗಸು ಸ್ಟುಡಿಯೋದ ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಂಡರು.

ಆ ಶಾಸನವನ್ನು ೧೯೫೬ರಲ್ಲಿ ಮೊದಲು ಓದಿದವರು ಅವರ ತಂದೆ, ಶಾಲಾ ಮೇಷ್ಟರು ಚಂದ್ರಮೌಳಿ. ಅವರು ನೋಟ್ ಪುಸ್ತಕದಲ್ಲಿ ನಾಲ್ಕು ಸಾಲು ಬರೆದುಕೊಂಡಿದ್ದರು. ಅಕ್ಷರ ಕಾಣಲೆಂದು ಸೀಮೆಸುಣ್ಣ ತುಂಬಿ ಓದುವುದು ಆಗಿನ ಪದ್ಧತಿ. ಆಮೇಲೆ ನೋಡಲು ಹೋದ ಸಮಿತಿಯವರಿಗೆ ಮೂರೇ ಸಾಲು ಕಂಡವು. ನಾಲ್ಕನೆಯದನ್ನು ಮೇಷ್ಟರು ತಾವೇ ಸೀಮೆಸುಣ್ಣದಲ್ಲಿ ಗೀಚಿದರು ಎಂದು ಅವರು ಬರೆದರು, ಅದು ಅಚ್ಚೂ ಆಯಿತು. ಮೇಷ್ಟರು ಸಾಯುವವರೆಗೂ ಸುಳ್ಳುಗಾರ ಅನ್ನಿಸಿಕೊಂಡೇ ಇದ್ದರು.

"ಬಯ್ಯಿರಿ ಮೇಡಂ. ಹಿಂಗೆ ಸುಮ್ನೆ ಕೂರ್ಬೇಡಿ," ಎಂದ ಶಿವಕಿರಣ್.

"ಬಯ್ಯೋದಕ್ಕೆ ಆಮೇಲೂ ಟೈಮಿದೆ. ನಾಳೆ ಐದೂವರೆಗೆ ಮನೆ ಹತ್ರ ಬಾ. ಮತ್ತೆ ಹತ್ತೋಣ."

ಭಾನುವಾರ ಬೆಳಿಗ್ಗೆ ಜಯಲಕ್ಷ್ಮಿಪುರಂನಿಂದ ಹೊರಟ ಸ್ಕೂಟರು ಆರು ಗಂಟೆಗೆ ಬೆಟ್ಟದ ಹಿಂಬದಿಗೆ ಬಂತು. ದಾರಿ ತೋರಿಸಲು ಮಂಟಯ್ಯ ಕಾಯುತ್ತಿದ್ದ. ನಲವತ್ತು ವರ್ಷ ಅಲ್ಲಿ ಆಡು ಮೇಯಿಸಿದವನು. ಅವನು ಶಿವಕಿರಣನ ಹತ್ತಿರ ಬಂದು ಮೂಗು ಸಿಂಡರಿಸಿದ.

"ತಲೆಗೇನಾಕಿದೀರಾ ಸೋಮಿ?"

"ಮಲ್ಲಿಗೆ ಎಣ್ಣೆ."

"ಎಜ್ಜೇನು ಮದ್ವೆ ಮನೆ ಅನ್ಕೊಂಡು ಬತ್ತವೆ. ಬಗ್ಗಿ."

ಒಂದು ಬಿಂದಿಗೆ ತಣ್ಣೀರು ಶಿವಕಿರಣನ ತಲೆಯ ಮೇಲೆ ಬಿತ್ತು. ಜನವರಿಯ ಚಳಿಯಲ್ಲಿ ಅವನು ಗಡಗಡ ನಡುಗಿದ. ಮಂಟಯ್ಯ ತನ್ನ ಕಂಬಳಿಯನ್ನು ಅವನಿಗೆ ಹೊದಿಸಿ ಮುಂದೆ ನಡೆದ.

ದಾರಿ ಎಂದರೆ ಆಡುಗಳು ತುಳಿದ ಗೆರೆ, ಅಷ್ಟೇ. ಎರಡೂ ಕಡೆ ಲಂಟಾನ ಹೆಣೆದುಕೊಂಡಿತ್ತು, ನಡುನಡುವೆ ಕಾರೆ, ಜಾಲಿ. ಕೆಳಗೆ ಊರಿನ ದೀಪಗಳು ಇನ್ನೂ ಉರಿಯುತ್ತಿದ್ದವು, ಹಾಲಿನ ವ್ಯಾನೊಂದರ ಹಾರನ್ನು ಇಲ್ಲಿಯವರೆಗೂ ಕೇಳುತ್ತಿತ್ತು. ಮೇಲೆ ಮಾತ್ರ ಏನೂ ಕಾಣುತ್ತಿರಲಿಲ್ಲ. ಮಂಜು ಬೆಟ್ಟದ ಹೆಗಲಿನವರೆಗೆ ಇಳಿದು ಕೂತಿತ್ತು. ಪ್ರೇಮಲೀಲಾ ಸೀರೆಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿ, ಕೋಲೂರಿ, ಉಸಿರು ಲೆಕ್ಕ ಹಾಕಿಕೊಂಡು ಹತ್ತಿದರು.

ತೊರೆಯ ದಂಡೆಯ ಒದ್ದೆ ಮರಳಿನಲ್ಲಿ ಮಂಟಯ್ಯ ಕೂತ. ಅಂಗೈ ಅಗಲದ ಹೆಜ್ಜೆ.

"ಚಿರತೆ. ಈಗ್ತಾನೆ ಓಗದೆ."

"ಯಾವ ಕಡೆಗೆ?" ಎಂದರು ಪ್ರೇಮಲೀಲಾ.

"ಕೆಳೀಕೆ."

"ಸರಿ, ನಾವು ಮೇಲಕ್ಕೆ. ನಡೀರಿ."

ಕೊನೆಯ ಬಂಡೆ ಇಬ್ಬನಿಯಲ್ಲಿ ಜಾರುತ್ತಿತ್ತು. ಶಿವಕಿರಣ್ ಕ್ಯಾಮೆರಾ ಚೀಲವನ್ನು ಕತ್ತಿಗೆ ಹಾಕಿಕೊಂಡು ತೆವಳಿದ. ಕಾಲು ಜಾರಿತು. ಮೂರಡಿ ಕೆಳಗೆ ಬಂದ. ಮೊಣಕೈ ತರಚಿ ರಕ್ತ ಬಂತು. ಚೀಲ ಮಾತ್ರ ಎದೆಗೇ ಅಂಟಿತ್ತು.

"ಕ್ಯಾಮೆರಾ?" ಎಂದು ಕೂಗಿದರು ಮೇಡಂ.

"ನಾನೂ ಚೆನ್ನಾಗಿದೀನಿ ಮೇಡಂ!"

ಶಾಸನ ಇದ್ದದ್ದು ಎರಡು ಬಂಡೆಗಳ ನಡುವಿನ ಸಂದಿಯಲ್ಲಿ. ಒಳಗೆ ನೀರು ನಿಲ್ಲುವ ಒಂದು ಸಣ್ಣ ದೊಣೆ, ಅದರ ಪಕ್ಕದ ಗೋಡೆಯಲ್ಲಿ ಅಕ್ಷರ. ಫ್ಲ್ಯಾಷ್ ಹಾಕಿದರೆ ಎಲ್ಲ ಚಪ್ಪಟೆಯಾಗಿ ಕಾಣುತ್ತಿತ್ತು. ಜನವರಿಯ ಬೆಳಗಿನ ಬಿಸಿಲು ಓರೆಯಾಗಿ ಕಲ್ಲನ್ನು ಸವರಿಕೊಂಡು ಹೋದರೆ, ಸವೆದ ಅಕ್ಷರದೊಳಗೂ ನೆರಳು ನಿಲ್ಲುತ್ತಿತ್ತು. ಶುಕ್ರವಾರ ಏಳೂ ಹತ್ತರಿಂದ ಆ ಬಿಸಿಲು ಹನ್ನೊಂದು ನಿಮಿಷ ಇತ್ತು. ತಲೆಯ ಮೇಲೆ ಬಿಂದಿಗೆಯಷ್ಟು ದೊಡ್ಡ ಹೆಜ್ಜೇನು ಗೂಡು ತೂಗುತ್ತಿತ್ತು. ಚಳಿಗೆ ಹುಳಗಳು ಮಂಕಾಗಿದ್ದವು. ಅವನ್ನು ಎಬ್ಬಿಸುವುದೂ ಅದೇ ಬಿಸಿಲು.

ಶಿವಕಿರಣ್ ಮರೆತೂ ಫ್ಲ್ಯಾಷ್ ಹೊಡೆಯದಿರಲೆಂದು ಅದರ ಮೇಲೆ ಟೇಪು ಅಂಟಿಸಿದ. ಜೇಬಿನಲ್ಲಿ ಬೆಚ್ಚಗಿಟ್ಟಿದ್ದ ಸೆಲ್ಲನ್ನು ಕ್ಯಾಮೆರಾಗೆ ಹಾಕಿದ. ಕಾದರು.

ಏಳೂ ಹತ್ತು. ಮಂಜು. ಏಳೂ ಇಪ್ಪತ್ತು. ಮಂಜು. ಏಳೂವರೆಗೆ ಬಿಸಿಲು ಬಂತು, ಆದರೆ ಸೂರ್ಯ ಪಕ್ಕಕ್ಕೆ ಸರಿದಾಗಿತ್ತು. ಬೆಳಕಿನ ಪಟ್ಟಿ ಗೋಡೆಯನ್ನು ಬಿಟ್ಟು ಅದರ ಬುಡದ ನೆಲಕ್ಕೆ ಬಿತ್ತು. ಅಕ್ಷರಗಳು ನೆರಳಿನಲ್ಲೇ ಉಳಿದವು.

"ಅಯ್ಯೋ ಶಿವನೇ," ಎಂದ ಶಿವಕಿರಣ್. "ಎಲ್ಲಾ ನನ್ನಿಂದ ಆಯ್ತು."

ಮೇಲೆ ಗುಂಯ್ ಎಂದಿತು.

"ಅಮ್ಮೋರೆ, ಎದ್ದವೆ. ಓಗವ," ಎಂದ ಮಂಟಯ್ಯ. ತನ್ನ ಸೊಂಟದ ಚೀಲ ಬಿಚ್ಚಿದ. "ಇಲ್ಲಾಂದ್ರೆ ಒಂದಿಡಿ ರಾಗಿ ಇಟ್ಟು ಉಜ್ಜಿಬುಡ್ಲಾ? ಅಕ್ಸರ ಎದ್ದು ಕಾಣ್ತವೆ."

"ಬೇಡ! ಆ ಮಾತು ನಮ್ಮಪ್ಪ ಒಬ್ರು ಕೇಳಿದ್ದು ಸಾಕು."

ಪ್ರೇಮಲೀಲಾ ನೆಲದ ಬಿಸಿಲನ್ನೇ ನೋಡುತ್ತಿದ್ದರು. ತಟ್ಟನೆ ಉಪ್ಪಿಟ್ಟಿನ ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಕಿತ್ತರು. ಸೆರಗಿನಲ್ಲಿ ಒರೆಸಿ, ಬುಡದ ಬಿಸಿಲಿನ ಪಟ್ಟಿಯಲ್ಲಿ ಹಿಡಿದು ಓರೆ ಮಾಡಿದರು. ಬೆಳಕು ಪುಟಿದು ಗೋಡೆಯ ಮೇಲೆ ಹರಿದಾಡಿತು.

"ಕೆಳಗೆ ಮೇಡಂ! ಇನ್ನೂ ಪಕ್ಕಕ್ಕೆ, ಕಲ್ಲಿಗೆ ತಾಗಿಸಿ! ಹಾಂ, ಅಲ್ಲೇ!"

ನಾಲ್ಕನೆಯ ಸಾಲು ಎದ್ದು ಬಂತು. ಒಂದೊಂದೇ ಅಕ್ಷರ, ಒಳಗೆ ಕಪ್ಪು ನೆರಳು ತುಂಬಿಕೊಂಡು.

ಮೊದಲ ಹುಳ ಶಿವಕಿರಣನ ಕಿವಿಗೆ ಕುಟುಕಿತು.

"ಕೈ ಬೀಸ್ಬ್ಯಾಡಿ! ಉಸ್ರು ಇಡ್ಕಳಿ!"

ಅವನು ಹಲ್ಲು ಕಚ್ಚಿದ. ಕಣ್ಣಲ್ಲಿ ನೀರು ತುಂಬಿತು. ಒಂದು ಕ್ಲಿಕ್. ಮುಚ್ಚಳ ಸ್ವಲ್ಪ ಸರಿಯಿತು. ಇನ್ನೊಂದು. ಎರಡನೆಯ ಹುಳ ಕುತ್ತಿಗೆಗೆ. ಮೂರನೆಯ ಕ್ಲಿಕ್.

"ಆಯ್ತು!"

ಮಂಟಯ್ಯ ಇಬ್ಬರನ್ನೂ ಕಂಬಳಿಯೊಳಗೆ ಎಳೆದುಕೊಂಡ. ಮೂವರೂ ಒಂದೇ ಮುದ್ದೆಯಾಗಿ ಲಂಟಾನದ ಸಂದಿಯಲ್ಲಿ ಕುಂಡಿಯ ಮೇಲೆ ಜಾರಿಕೊಂಡು ಇಳಿದರು. ಡಬ್ಬಿಯೂ ಉಪ್ಪಿಟ್ಟೂ ಬೆಟ್ಟಕ್ಕೇ ಹೋದವು.

ಸ್ಟುಡಿಯೋದಲ್ಲಿ ಶಿವಕಿರಣ್ ಮೊದಲು ಮಾಡಿದ ಕೆಲಸವೆಂದರೆ ಫೋಟೊಗಳನ್ನು ಇದ್ದಂತೆಯೇ ಸಿ.ಡಿ.ಗೆ ಹಾಕಿದ್ದು. ಆಮೇಲೆ ಪ್ರತಿ ತೆಗೆದು, ಬೇರೆ ಹೆಸರು ಕೊಟ್ಟು, ಕಪ್ಪು ಬಿಳುಪಿನ ಅಂತರವನ್ನಷ್ಟೇ ಹೆಚ್ಚಿಸಿದ.

ನಾಲ್ಕೂವರೆಗೆ ಸಮಿತಿಯ ಕಚೇರಿಯಲ್ಲಿ ಸುಂದರೇಶ ಅವರು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಗದರಿಸುವ ದನಿಯಲ್ಲೇ, "ಇದನ್ನ ತಿದ್ದಿಲ್ಲ ತಾನೆ?" ಎಂದು ಎರಡು ಸಲ ಕೇಳಿದರು. ಕಿವಿ ಊದಿಕೊಂಡ ಶಿವಕಿರಣ್ ತಲೆಯಾಡಿಸಿದ. ಅವರು ಪರದೆಯ ಮೇಲೆ ಬೆರಳಿಟ್ಟು ಓದಿ, ಹಾಳೆಯಲ್ಲಿ ಬರೆದುಕೊಂಡು, ಆಮೇಲೆ ಮೇಷ್ಟರ ನೋಟ್ ಪುಸ್ತಕ ತೆರೆದರು. ದೊಣೆ ಕಡಿದವಳು ಬೋರಮ್ಮ ಎಂಬ ಹೆಂಗಸು ಎಂದು ಸಾಲಿನ ಅರ್ಥ. ಅವರ ಹಾಳೆ, ಮೇಷ್ಟರ ಪುಸ್ತಕ ಎರಡರಲ್ಲೂ ಅದೇ ಇತ್ತು.

ಸುಂದರೇಶ ಕನ್ನಡಕ ತೆಗೆದರು. "ಮೇಷ್ಟ್ರು ಸರಿಯಾಗೇ ಓದಿದ್ರಮ್ಮ. ತಪ್ಪು ನಮ್ಮೋರದ್ದು. ಅದನ್ನೂ ಬರೀತೀನಿ. ಅವರದ್ದೊಂದು ಫೋಟೊ ಇದ್ರೆ ಈಗ್ಲೇ ಕೊಡಿ."

ಫೋಟೊ ಪ್ರೇಮಲೀಲಾ ಅವರ ಚೀಲದಲ್ಲೇ ಇತ್ತು. ಸ್ಟುಡಿಯೋಗೆ ವಾಪಸು ಬಂದು ಶಿವಕಿರಣ್ ಅದನ್ನು ಸ್ಕ್ಯಾನ್ ಮಾಡಿದ. ಕೋಟು, ಪೇಟ, ಮುಖದ ತುಂಬ ಸಿಡುಬಿನ ಕಲೆ. ಅಭ್ಯಾಸಬಲಕ್ಕೆ ಮೌಸ್ ಕೆನ್ನೆಯ ಹತ್ತಿರ ಹೋಯಿತು. ಅವನು ಕೈ ತೆಗೆದ.

"ಹಿಂಗೇ ಇರ್ಲಾ ಮೇಡಂ?"

"ಹಾಗೇ ಇರ್ಲಿ ಕಣೋ," ಎಂದರು ಪ್ರೇಮಲೀಲಾ. "ಅವರ ಮುಖದಲ್ಲಿ ಇದ್ದದ್ದೇ ಅದು."