ಸೀಲಿಂಗಿನ ಮೇಲಿನ ಪ್ಲಗ್ ಪಾಯಿಂಟ್

ಕುಂದಾಪುರದಲ್ಲಿ ಶೀನಪ್ಪ ಶೆಟ್ಟರು ತಮ್ಮ ಹೋಟೆಲಿನ ಮಹಡಿಯಲ್ಲಿ ಹೊಸದಾಗಿ ಲಾಡ್ಜ್ ಕಟ್ಟಿಸುತ್ತಿದ್ದರು. ಅಲ್ಲಿ ವೈರ್‌ಮನ್ ದೇವು ಸತ್ತುಬಿದ್ದಿದ್ದ. ಹಾರ್ಡ್‌ಬೋರ್ಡ್ ಸೀಲಿಂಗಿಗೂ ಹಂಚಿನ ಮಾಡಿಗೂ ನಡುವಿನ ಕತ್ತಲಲ್ಲಿ, ಮರದ ಪಟ್ಟಿಯ ಮೇಲೆ ಬೋರಲಾಗಿ. ಬಲಗೈ ಬೆರಳುಗಳು ಸುಟ್ಟಿದ್ದವು. ಪಕ್ಕದಲ್ಲೇ ಅರ್ಧ ಬಿಚ್ಚಿದ ಪ್ಲಗ್ ಪಾಯಿಂಟ್.

ಮೊದಲು ಕಂಡವನು ಬಣ್ಣ ಬಳಿಯುವ ಗಣಪ. ಕೂಗುತ್ತ ಇಳಿದು, ಫ್ಯೂಸ್ ಪೆಟ್ಟಿಗೆಯ ಹೊರಗಿದ್ದ ಮೇನ್ ಸ್ವಿಚ್ ಎಳೆದಿದ್ದ.

ಸಬ್ ಇನ್‌ಸ್ಪೆಕ್ಟರ್ ಪ್ರೇಮಾನಂದ ಏಣಿ ಹತ್ತಿ ನೋಡಿ ಇಳಿದರು. ಗಂಗೊಳ್ಳಿಯ ದೋಣಿ ಗಲಾಟೆಯಿಂದಾಗಿ ನಿದ್ದೆಯಿರಲಿಲ್ಲ. ಇದು ಬರೀ ಅಪಘಾತವಾಗಿರಲಿ ಎಂದು ಮನಸ್ಸು ಬೇಡುತ್ತಿತ್ತು.

ಕಂಟ್ರಾಕ್ಟರ್ ರತ್ನಾಕರ ಫ್ಯೂಸ್ ಪೆಟ್ಟಿಗೆಯ ಬೀಗ ತೆಗೆದು ತೋರಿಸಿದ.

"ಕಾಣಿ ಸರ್, ಮಹಡಿ ಫ್ಯೂಸ್ ಹಾಕಿಯೇ ಇತ್ತ್. ತೆಗೀದೇ ಹತ್ತಿದ್ದ. ಕುಡ್ದಿರ್ಕ್."

"ಇದರ ಕೀ ಯಾರ ಹತ್ತಿರ?"

"ಎರಡೇ. ನನ್ನತ್ರ ಒಂದ್, ಅವ್ನತ್ರ ಒಂದ್. ಕೆಲ್ಸ ಮುಗ್ಸಿ ಒಪ್ಪಿಸುವರೆಗೆ ಬೇರೆಯವ್ರಿಗೆ ಕೊಡೂದಿಲ್ಲ, ಶೆಟ್ರಿಗೂ."

"ನೀವೆಲ್ಲಿದ್ದಿರಿ?"

"ಬ್ರಹ್ಮಾವರದಲ್ಲಿ. ಸುದ್ದಿ ಕೇಂಡ್ ಓಡಿ ಬಂದೆ."

* * *

ಗಣಪ ಪಿಸುಗುಟ್ಟಿದ: "ನಿನ್ನೆ ದೇವುಗೂ ಶೆಟ್ರಿಗೂ ದೊಡ್ಡ ಜಗಳ ಸರ್."

ಶೀನಪ್ಪ ಶೆಟ್ಟರು ಅಲ್ಲಗಳೆಯಲಿಲ್ಲ. "ಹೌದ್. ಸೀಲಿಂಗ್ ಒಡ್ದ್ರೆ ಕೊಂದ್ ಹಾಕ್ತೆ ಅಂದೆ. ಸಿಟ್ಟಲ್ಲಿ ಹೇಳ್ದ್ ಮಾತ್ ಮಾರಾಯ್ರೆ!"

"ಒಡೆಯುವುದು ಯಾಕೆ?"

"ಬಿಸಿ ಗಾಳಿ ಎಳೂಕೆ ಮೇಲೊಂದ್ ಫ್ಯಾನ್ ಬೇಕಿತ್ತ್. ರತ್ನಾಕರನೇ ಅಲ್ಲಿ ಪ್ಲಗ್ ಪಾಯಿಂಟ್ ಕೂರ್ಸಿ, ವೈರ್ ಜೋತು ಬಿಟ್ಟ. ಕಣ್ಣಿಗೆ ಕಾಂಬ್ದಿಲ್ಲ ಅಂದ. ಕಾಣದ ಜಾಗದಲ್ಲಿ ಅದ್ ಇಪ್ಪುಕಾಗ, ಹೊತ್ತಿಕೊಂಡ್ರೂ ಗೊತ್ತಾತಿಲ್ಲ, ಕಾಯ್ದೆಗೂ ವಿರುದ್ಧ, ಸೀಲಿಂಗ್ ಒಡ್ದಾದ್ರೂ ತೆಗೀತೆ ಅಂತ ದೇವು ಹಟ ಹಿಡ್ದ. ಇವತ್ತ್ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟ್ರು ಬತ್ರ್, ಅವ್ರಿಗೆ ತೆಕ್ಕಟ್ಟೆ ಮಿಲ್ಲಿಗೆ ಬೆಂಕಿ ಬಿದ್ದ್ ಸಂಗತಿಯೂ ಹೇಳ್ತೆ ಅಂದ."

"ತೆಕ್ಕಟ್ಟೆಯ ವೈರಿಂಗ್ ಯಾರದು?"

"ರತ್ನಾಕರಂದೇ."

* * *

ಹೆಣ ಇಳಿಸಿದರು. ಅಂಗಿಯ ಜೇಬಿನಲ್ಲಿ ಒಂದು ಕೀ, ಜೊತೆಗೆ ಪಿಂಗಾಣಿಯ ಫ್ಯೂಸ್. ಪ್ರೇಮಾನಂದ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. ಅಪಘಾತದ ಆಸೆ ಅಲ್ಲಿಗೆ ಹೋಯಿತು.

ಹೋಟೆಲಿನ ಅಡುಗೆಮನೆಯಲ್ಲಿ ಅಡುಗೆಯ ಪದ್ದು ಚಿಮಣಿ ದೀಪದಲ್ಲಿ ಕಾಯಿ ತುರಿಯುತ್ತಿದ್ದಳು.

"ಇಲ್ಲಿ ಕರೆಂಟು ಯಾವಾಗ ಹೋಯಿತು?"

"ದೇವು ಮೇಲೆ ಹತ್ತಿ ಸುಮಾರ್ ಹೊತ್ತಾದ್ ಮೇಲೆ, ಗಣಪ ಬೊಬ್ಬೆ ಹೊಡೂಕೂ ಮೊದ್ಲೇ. ಹೊರಗೆ ಹೋಟ್ಲಲ್ಲಿ ರೇಡಿಯೋ ಹಾಡ್ತಾ ಇತ್ತ್, ನನ್ನ ದೀಪ ಮಾತ್ರ ಹೋಯ್ತ್. ಇದೆಂತ ಅಂದೇಳಿ ಚಿಮಣಿ ಹಚ್ದೆ."

* * *

ಪ್ರೇಮಾನಂದ ಎಲ್ಲರನ್ನೂ ಪೆಟ್ಟಿಗೆಯೆದುರು ಕರೆಸಿದರು. ಅಡುಗೆಮನೆಯ ಫ್ಯೂಸಿನ ಜಾಗ ಖಾಲಿ.

"ದೇವು ಮಹಡಿ ಫ್ಯೂಸ್ ಕಿತ್ತು, ಯಾರೂ ಹಾಕದಿರಲಿ ಅಂತ ಜೇಬಿಗಿಟ್ಟುಕೊಂಡು, ಪೆಟ್ಟಿಗೆಗೆ ಬೀಗ ಹಾಕಿ ಹತ್ತಿದ್ದ. ಅವನು ಹತ್ತಿದ ಮೇಲೆ ಯಾರೋ ಬೀಗ ತೆಗೆದು, ಅಡುಗೆಮನೆಯ ಫ್ಯೂಸ್ ಕಿತ್ತು ಮಹಡಿಗೆ ಹಾಕಿ, ಮತ್ತೆ ಬೀಗ ಹಾಕಿದರು. ಶೆಟ್ಟರ ಹತ್ತಿರ ಕೀ ಇಲ್ಲ. ದೇವುವಿನ ಕೀ ಅವನ ಜೇಬಿನಲ್ಲೇ ಇತ್ತು. ಉಳಿದದ್ದು ನಿಮ್ಮದು, ರತ್ನಾಕರ. ಬ್ರಹ್ಮಾವರದಲ್ಲಿ ಯಾರನ್ನು ವಿಚಾರಿಸಲಿ, ಹೇಳಿ."

ರತ್ನಾಕರ ತಿರುಗಿ ಶೀನಪ್ಪ ಶೆಟ್ಟರನ್ನು ನೋಡಿದ. ಅವರು ಮುಖ ತಿರುಗಿಸಿದರು. ರತ್ನಾಕರ ತನ್ನ ಕೀ ತೆಗೆದು ಪೆಟ್ಟಿಗೆಯ ಮೇಲಿಟ್ಟ.

"ಸಾಯ್ಸೂಕಲ್ಲ ಸರ್... ಎಷ್ಟ್ ಕರೆದ್ರೂ ಇಳೀಲಿಲ್ಲ. ಒಂದ್ ಶಾಕ್ ಹೊಡ್ದ್ರೆ ಹೆದ್ರಿ ಇಳಿತ ಅಂದೇಳಿ ಮಾಡ್ದೆ. ಅವ ವೈರ್ ಬಿಡ್ಲೇ ಇಲ್ಲ."

"ಆಮೇಲೆ ಫ್ಯೂಸ್ ಯಾಕೆ ತೆಗೆಯಲಿಲ್ಲ?"

ಪ್ರೇಮಾನಂದರಿಗೆ ಬೈಯುವ ತ್ರಾಣವಿರಲಿಲ್ಲ. ಅವನನ್ನು ಜೀಪು ಹತ್ತಿಸಿ ಅಂತ ಪೇದೆಗಳಿಗೆ ಕೈಸನ್ನೆ ಮಾಡಿದರು.

* * *

ಸಂಜೆ ಕಡಲಂಚಿನ ಕೋಡಿಗೆ, ದೇವುವಿನ ಮನೆಗೆ ಹೋದರು. ಅವನ ಹೆಂಡತಿ ವನಜ ಹೊರಗೆ ಬಂದಳು.

"ಕುಡ್ದ್ ಹತ್ತಿದ್ರಂಬ್ರ್. ಊರೆಲ್ಲ ಅದೇ ಹೇಳ್ತ್. ಹೌದಾ ಸರ್?"

"ಇಲ್ಲಮ್ಮ. ಕೆಲಸ ಸರಿಯಾಗಿಯೇ ಮಾಡಿದ್ದ. ಕೊಂದವನು ಠಾಣೆಯಲ್ಲಿದ್ದಾನೆ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಮರಳಿನ ಮೇಲೆ ಕುಕ್ಕರಿಸಿದಳು. ಪ್ರೇಮಾನಂದ ಹೊರಡಲು ತಿರುಗಿದರು. ಮತ್ತೆ ಹಿಂದೆ ಬಂದರು. ಟೋಪಿ ತೆಗೆದು ಜಗಲಿಯ ಅಂಚಿಗೆ ಕುಳಿತರು.