ಹದಿನಾರನೇ ಹಾಜರಿ

ಶನಿವಾರ ಬೆಳಗ್ಗೆ ಎಂಟಕ್ಕೆ ಬಾಗಿಲು ತಟ್ಟಿದ ಸದ್ದಾದಾಗ ಗಣಪತಿ ದೋಸೆ ಹುಯ್ಯುತ್ತಿದ್ದ. ಸೌಟು ಹಿಡಿದುಕೊಂಡೇ ಹೋಗಿ ತೆರೆದ. ಹೊರಗೆ ರಜನಿ ನಿಂತಿದ್ದಳು. ಎಡಗಾಲಲ್ಲಿ ಒಂದು ಚಪ್ಪಲಿ, ಬಲಗಾಲಲ್ಲಿ ಬೇರೆಯದೇ ಜೋಡಿಯ ಇನ್ನೊಂದು. ಅವಳ ಹಿಂದೆ, ಸೀರೆಯ ಮೇಲೆ ಮಗನ ಜಾಕೆಟ್ ತೊಟ್ಟ ದ್ಯಾಮವ್ವ ಗೋಡೆಗೆ ಕೈಯೂರಿದ್ದಳು.

"ವೈಶಾಲಿ ಇದಾರಾ? ನಮ್ಮ ಡೇಕೇರ್ ಮಗು ಐಸಿಯುನಲ್ಲಿದೆ."

ಗಣಪತಿ ಒಲೆ ಆರಿಸಿ ಹೆಂಡತಿಯನ್ನು ಎಬ್ಬಿಸಿದ.

ಪರದೇಶದ ಆ ಊರು ಟೋಟೆಮ್ ಲೇಕ್‌ನ ಕನ್ನಡದವರಿಗೆ ವೈಶಾಲಿಯ ಮನೆ ಹೊಸದಲ್ಲ. ಅವಳ ಕೆಲಸವೇ ಸುಳ್ಳು ಹುಡುಕುವುದು. ಬೇರೆ ಬೇರೆ ಕಂಪನಿಗಳು ನೌಕರರ ಮಕ್ಕಳ ಪಾಲನೆಗೆಂದು ಕೊಡುವ ವೋಚರುಗಳನ್ನು ತಪಾಸಣೆ ಮಾಡುವ ಆಫೀಸಿನಲ್ಲಿ ಎಂಟು ವರ್ಷ ಸವೆಸಿದ್ದಳು. ಕಳುವಾದ ಸರ, ಹೆಸರಿಲ್ಲದ ಪತ್ರ, ಏನೇ ಆದರೂ ಜನ ಪೊಲೀಸರಿಗಿಂತ ಮೊದಲು ಅವಳ ಹತ್ತಿರ ಬರುತ್ತಿದ್ದರು. ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರು ಸಲ ಫೇಲಾದ ಆಕೆಯನ್ನು ಎಲ್ಲ ಕಡೆ ಕರೆದೊಯ್ಯುವುದು ಗಣಪತಿಯ ಪಾಲಿಗೆ ಬಂದಿತ್ತು.

ರಜನಿ ನೀರನ್ನೂ ಮುಟ್ಟದೆ ಹೇಳಿದಳು. ಎರಡು ಬೀದಿ ಆಚೆ ತನ್ನ ಮನೆಯಲ್ಲೇ ಅವಳು ಲೈಸೆನ್ಸ್ ಪಡೆದು ಡೇಕೇರ್ ನಡೆಸುತ್ತಿದ್ದಳು. ಆರು ಮಕ್ಕಳು. ಸಹಾಯಕ್ಕೆ ಐವತ್ತೆಂಟರ ದ್ಯಾಮವ್ವ. ಗದಗ ಕಡೆಯವಳು, ಲಿನ್‌ವುಡ್‌ನಲ್ಲಿ ಮಗನ ಮನೆಯಲ್ಲಿದ್ದು ಬಸ್ಸು ಬದಲಿಸಿ ಬದಲಿಸಿ ಬರುವವಳು. ಶುಕ್ರವಾರ ಮಧ್ಯಾಹ್ನ, ಕಲ್ಮೇಶ್ ಮತ್ತು ಕೀರ್ತಿಯ ಹದಿನಾಲ್ಕು ತಿಂಗಳ ಮಗು ತನ್ಮಯ ವಾಂತಿ ಮಾಡಿಕೊಂಡು ಮಲಗಿದ್ದು ಎಷ್ಟು ಅಲುಗಿಸಿದರೂ ಎಚ್ಚರಾಗಲಿಲ್ಲ. ಲಿವರ್ ಕೈಕೊಡುತ್ತಿದೆ, ಜ್ವರದ ಔಷಧಿ ಮಿತಿಮೀರಿ ಹೊಟ್ಟೆಗೆ ಹೋಗಿದೆ ಎಂದರು ಡಾಕ್ಟರು. ಸಂಜೆ ಇಬ್ಬರು ಪೊಲೀಸ್ ಆಫೀಸರುಗಳು ಬಂದು ಮನೆ ಶೋಧಿಸಿದಾಗ ದ್ಯಾಮವ್ವನ ಕೈಚೀಲದಲ್ಲಿ, ಕರವಸ್ತ್ರದಲ್ಲಿ ಸುತ್ತಿದ್ದ ಪ್ಯಾರಾಸಿಟಮಾಲ್ ಬಾಟಲಿ ಸಿಕ್ಕಿತು.

"ಮಕ್ಕಳು ಮಲಗಲಿ ಅಂತ ಇವರೇ ಕುಡಿಸಿದಾರೆ ಅಂತಾಳೆ ಕೀರ್ತಿ. ಸೋಮವಾರ ಹತ್ತಕ್ಕೆ ಎಲ್ಲರ ಹೇಳಿಕೆ ತಗೋತಾರೆ. ಅವಳು ಹಾಗೇ ಬರೆಸಿದ್ರೆ ದ್ಯಾಮವ್ವನ ಅರೆಸ್ಟ್ ಮಾಡ್ತಾರೆ."

ವೈಶಾಲಿ ಮುದುಕಿಯ ಎದುರು ಕುರ್ಚಿ ಎಳೆದುಕೊಂಡಳು. "ನೀವು ಕೊಟ್ರಾ?"

"ಇಲ್ಲರಿ ಅಕ್ಕಾರ."

"ಬಾಟ್ಲಿ ನಿಮ್ಮ ಚೀಲಕ್ಕೆ ಹೇಗೆ ಬಂತು?"

"ಕೂಸಿನ ಚೀಲದಾಗ ಇತ್ತು. ನಿನ್ನೆ ಮುಂಜಾನೆ ಡೈಪರ್ ತಗೋಳಾಕ ಹೋದಾಗ ಸಿಕ್ತು. ತಂದಿ ತಾಯಿ ಕಾಗದ ಬರಕೊಡದ ಔಷಧ ಮನಿಯೊಳಗ ಇರಬಾರದಂತ. ಗದ್ದಲ ಆಗಿ ಕೀರ್ತಿ ಬೈಸ್ಕೊಳೋದು ಬ್ಯಾಡ, ಸಂಜೀಗೆ ಆಕೀ ಕೈಯಾಗ ಸುಮ್ಮನ ಕೊಟ್ರಾತು ಅಂತ ಇಟ್ಕೊಂಡೆ."

"ಇದನ್ನ ಆಫೀಸರ್‌ಗೆ ಹೇಳಿದ್ರಾ?"

"ಹೇಳಿದೆ. ನನ್ನ ಇಂಗ್ಲಿಷ್ ನನಗ ತಿಳಿಯೂದಿಲ್ಲ, ಅವರಿಗೇನು ತಿಳಿತೈತಿ."

ಹಾಗೆಂದವಳು ಕಣ್ಣು ನೆಲಕ್ಕೆ ಹಾಕಿದಳು. ಗಣಪತಿಗೆ ಅದು ಸರಿಬರಲಿಲ್ಲ. ಏನೋ ಒಂದನ್ನು ಈಕೆ ಹಲ್ಲಿನ ಹಿಂದೆ ಹಿಡಿದಿಟ್ಟುಕೊಂಡಿದ್ದಾಳೆ ಅನ್ನಿಸಿತು.

ವೈಶಾಲಿ ರಜನಿಯ ಫೋನಿನಲ್ಲಿದ್ದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದಳು. ಹುಬ್ಬಳ್ಳಿಯ ಮೆಡಿಕಲ್ ಶಾಪಿನ ಚೀಟಿ ಅಂಟಿದ್ದ ಹದಿನೈದು ಎಂಎಲ್‌ನ ಬಾಟಲಿ. ಹನಿ ಹಾಕುವ ರಬ್ಬರಿನ ನಳಿಕೆ ಇರಲಿಲ್ಲ, ಬರಿಯ ಮುಚ್ಚಳ. ಮೂರರಲ್ಲಿ ಒಂದು ಪಾಲು ಖಾಲಿ. ಮಗುವಿನ ಚೀಲದ ಪಕ್ಕದ ಜೇಬಿನಲ್ಲಿ ಐದು ಎಂಎಲ್‌ನ ಪ್ಲಾಸ್ಟಿಕ್ ಸಿರಿಂಜು, ಇಲ್ಲಿನ ಅಂಗಡಿಯ ಔಷಧಿಯ ಡಬ್ಬಿಯಲ್ಲಿ ಬರುವಂಥದ್ದು.

"ಡಾಕ್ಟರ್ ಏನಂದ್ರು, ಒಂದೇ ಸಲಕ್ಕೆ ಆಗಿದ್ದಾ?"

"ಇಲ್ಲ, ಮೂರು ನಾಲ್ಕು ದಿನದಿಂದ ಹೋಗಿದೆ ಅಂದ್ರು."

"ಹಾಜರಿ ಪಟ್ಟಿ, ದಿನಚರಿ ಪುಸ್ತಕ ಎರಡೂ ಬೇಕು. ತನ್ಮಯನ ಫೀಸು ಯಾರ ವೋಚರ್ ಮೇಲೆ ಬರುತ್ತೆ?"

"ಕೀರ್ತಿ ಕಂಪನಿದು."

ವೋಚರುಗಳ ಕತೆ ಹೆಂಡತಿಯ ಬಾಯಲ್ಲಿ ಕೇಳಿ ಕೇಳಿ ಗಣಪತಿಗೆ ಕಂಠಪಾಠವಾಗಿತ್ತು. ಕಂಪನಿ ಆ ಹಣವನ್ನು ಸಂಬಳದ ಜೊತೆ ಕೈಗೆ ಕೊಡುವುದಿಲ್ಲ. ತಿಂಗಳಿಗೊಂದು ವೋಚರು ಫೋನಿಗೆ ಬರುತ್ತದೆ. ಲೈಸೆನ್ಸ್ ಇರುವ ಡೇಕೇರಿನಲ್ಲಿ ಮಾತ್ರ ಅದು ನಡೆಯುತ್ತದೆ. ಮಗುವನ್ನು ಬಿಡುವಾಗಲೂ ಕರೆದೊಯ್ಯುವಾಗಲೂ ತಂದೆಯೋ ತಾಯಿಯೋ ಬಾಗಿಲಲ್ಲಿ ಫೋನು ತೋರಿಸಿದರೆ ಹೊತ್ತು ದಾಖಲಾಗುತ್ತದೆ, ಆ ಲೆಕ್ಕದ ಮೇಲೆ ಹಣ ನೇರ ಡೇಕೇರಿಗೆ ಸೇರುತ್ತದೆ. ಕೀರ್ತಿಯ ಕಂಪನಿಯದು ಇನ್ನಷ್ಟು ಬಿಗಿ ಎಂದಳು ರಜನಿ: ತಂದೆ ತಾಯಿ ಇಬ್ಬರೂ ಕೆಲಸದಲ್ಲಿರಬೇಕು, ಮಗು ತಿಂಗಳಿಗೆ ಹದಿನಾರು ದಿನವಾದರೂ ಬಂದಿರಬೇಕು. ಒಂದು ದಿನ ಕಡಿಮೆಯಾದರೂ ಮುಂದಿನ ತಿಂಗಳ ವೋಚರು ಇಲ್ಲ. ವೋಚರು ಹೋದರೆ ಸೀಟೂ ಹೋಯಿತು. ರಜನಿಯ ಕಾಯುವವರ ಪಟ್ಟಿಯಲ್ಲಿ ಮೂವತ್ತೊಂದು ಹೆಸರಿದ್ದವು.

ಮಧ್ಯಾಹ್ನದವರೆಗೆ ವೈಶಾಲಿ ಪಟ್ಟಿಯ ಮೇಲಿಂದ ತಲೆಯೆತ್ತಲಿಲ್ಲ. ಗಣಪತಿ ಅವಳ ಭುಜದ ಮೇಲಿಂದ ಇಣುಕಿ ಕಂಡಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಂಡ. ಕುಟುಂಬ ರಜೆಗೆ ಹುಬ್ಬಳ್ಳಿಗೆ ಹೋಗಿ ತಡವಾಗಿ ಬಂದದ್ದರಿಂದ ಜನವರಿಯ ಮೊದಲ ನಾಲ್ಕು ಕೆಲಸದ ದಿನ ತನ್ಮಯ ಬಂದಿರಲಿಲ್ಲ. ಆಮೇಲೆ ಒಂದು ದಿನವೂ ತಪ್ಪಿಲ್ಲ. ಗುರುವಾರಕ್ಕೆ ಹದಿನೈದು ಹಾಜರಿ. ಶುಕ್ರವಾರ ತಿಂಗಳ ಕೊನೆಯ ಕೆಲಸದ ದಿನ. ಬಿಡುತ್ತಿದ್ದವನು ಯಾವಾಗಲೂ ಕಲ್ಮೇಶ್. ಮೊದಲು ಏಳು ನಲವತ್ತಕ್ಕೆ, ಇಪ್ಪತ್ತನೇ ತಾರೀಕಿನಿಂದ ಒಂಬತ್ತೂವರೆಗೆ.

ದಿನಚರಿ ದ್ಯಾಮವ್ವನ ಗುಂಡನೆಯ ಅಕ್ಷರದಲ್ಲಿತ್ತು. ಮಂಗಳವಾರ, ಬುಧವಾರ, ಗುರುವಾರ, ಮೂರು ದಿನವೂ ಹೆಚ್ಚುಕಡಿಮೆ ಅದೇ ಸಾಲು: ‘ಬಂದಾಗ ಮೈ ತಣ್ಣಗ. ಎರಡೂವರೆಗೆ ಬಿಸಿ, 99.9. ರಜನಿ ಅಕ್ಕ ಫೋನ್ ಮಾಡಿದರು. ಅಪ್ಪ ಬಂದು ಒಯ್ದ.’

"ಎಷ್ಟು ಹೊತ್ತಿಗೆ ಬಂದ ಅಪ್ಪ?" ವೈಶಾಲಿ ಫೋನಿನಲ್ಲಿ ರಜನಿಯನ್ನು ಕೇಳಿದಳು.

"ನಾನು ಕಾಲ್ ಮಾಡಿದ ಹತ್ತು ನಿಮಿಷದೊಳಗೆ. ಪಾಪ, ಮೂರು ದಿನವೂ."

ಫೋನಿಟ್ಟು ಗಂಡನ ಕಡೆ ತಿರುಗಿದಳು. "ರೀ, ಕಲ್ಮೇಶ್ ಆಫೀಸು ಫ್ಯಾಕ್ಟೋರಿಯಾದಲ್ಲಿ. ಹೋಗಿ ಬರೋಣ."

"ಊಟ ಮಾಡಿ ಹೋದ್ರೆ ಫ್ಯಾಕ್ಟೋರಿಯಾ ಎದ್ದು ಓಡಿಹೋಗುತ್ತಾ?"

"ಟ್ರಾಫಿಕ್ ಕಡಿಮೆ ಇರುವಾಗಲೇ ನೋಡಬೇಕು. ಬನ್ನಿ."

ಶನಿವಾರದ ಖಾಲಿ ಹೆದ್ದಾರಿಯಲ್ಲಿ, ಮಿತಿಗಿಂತ ಸ್ವಲ್ಪ ಜೋರಾಗಿಯೇ ಓಡಿಸಿದರೂ ಗಣಪತಿಗೆ ಇಪ್ಪತ್ತೆರಡು ನಿಮಿಷ ಹಿಡಿಯಿತು. ವೈಶಾಲಿ ಕಾರಿನಿಂದ ಇಳಿಯಲೇ ಇಲ್ಲ. ಗಡಿಯಾರ ನೋಡಿ, ವಾಪಸ್ ಹೊರಡಿ ಎಂದಳು. ಮನೆ ಬಂದಾಗ, "ನನ್ನ ಊಹೆ ಸುಳ್ಳಾದರೆ ಒಳ್ಳೇದಿತ್ತು" ಅಂದಳು.

ಭಾನುವಾರ ಮಧ್ಯಾಹ್ನ ಮೂರಕ್ಕೆ ಆಸ್ಪತ್ರೆಯ ಐದನೇ ಮಹಡಿಯ ಕುಟುಂಬದವರ ಕೋಣೆಯಲ್ಲಿ ಆರು ಜನ ಸೇರಿದರು. ಗೋಡೆಯ ತುಂಬ ನಗುವ ತಿಮಿಂಗಿಲಗಳ ಚಿತ್ರ. ಕೀರ್ತಿ ಶುಕ್ರವಾರದ ಬಟ್ಟೆಯಲ್ಲೇ ಇದ್ದಳು. ಕಲ್ಮೇಶ್ ಕಿಟಕಿಗೆ ಮುಖ ಮಾಡಿ ನಿಂತಿದ್ದ. ದ್ಯಾಮವ್ವ ಒಳಗೆ ಬಂದದ್ದೇ ಕೀರ್ತಿ ಎದ್ದಳು.

"ಈಕೀನ ಯಾಕ ಕರಕೊಂಡು ಬಂದ್ರಿ? ಇನ್ನೇನು ಉಳದದ ಅಂತ?"

"ಹತ್ತು ನಿಮಿಷ ಕೂತ್ಕೊಳ್ಳಿ ಕೀರ್ತಿ. ಆಮೇಲೂ ಇವರೇ ಅನ್ನಿಸಿದ್ರೆ ನಾಳೆ ನಿಮಗೆ ತೋಚಿದ ಹಾಗೆ ಬರೆಸಿ. ನಾನು ತಡೆಯಲ್ಲ."

ಕೀರ್ತಿ ಕೂತಳು. ರಜನಿ ಬಾಗಿಲು ಮುಚ್ಚಿದಳು.

"ಮೊದಲು ಬಾಟ್ಲಿ" ಎಂದಳು ವೈಶಾಲಿ. "ಸಿಕ್ಕಿದ್ದು ಒಂದು. ಅದರಲ್ಲಿ ಕಡಿಮೆಯಾಗಿದ್ದದ್ದು ಐದು ಎಂಎಲ್, ಅಂದ್ರೆ ಚೀಲದಲ್ಲಿದ್ದ ಸಿರಿಂಜಿನ ಲೆಕ್ಕಕ್ಕೆ ಒಂದು ಸಲದ್ದು. ಆದರೆ ಮಗು ಮೂರು ನಾಲ್ಕು ದಿನ ಕುಡಿದಿದೆ ಅಂತಾರೆ ಡಾಕ್ಟರು. ಉಳಿದ ಬಾಟ್ಲಿಗಳು ಎಲ್ಲಿ? ರಜನಿ ಮನೆಯ ಕಸದ ಡಬ್ಬಿವರೆಗೆ ಆಫೀಸರ್‌ಗಳು ಹುಡುಕಿದಾರೆ, ಸಿಕ್ಕಿಲ್ಲ. ಹುಬ್ಬಳ್ಳಿಯಿಂದ ಎಷ್ಟು ತಂದ್ರಿ?"

"ಆರು" ಅಂದಳು ಕೀರ್ತಿ. "ಅಲ್ಲಿ ಸೋವಿ ಅಂತ. ಇಲ್ಲಿ ಖಾಲಿಯಾದ್ರ ಇರಲಿ ಅಂತ."

"ಈಗ ಮನೆಯಲ್ಲಿ ಎಷ್ಟಿವೆ ನೋಡಿದ್ರಾ?"

ಕೀರ್ತಿ ನೋಡಿರಲಿಲ್ಲ.

"ಎರಡನೇದು ದಿನಚರಿ. ಮಲಗಿಸೋಕೆ ಅಂತ ಡೇಕೇರ್‌ನಲ್ಲಿ ಕುಡಿಸಿದ್ರೆ ಊಟ ಆದಮೇಲೆ, ಹನ್ನೆರಡೂವರೆಗೆ ಕುಡಿಸ್ತಾರೆ. ಆಗ ಎರಡೂವರೆಗೆ ಮೈ ತಣ್ಣಗಿರಬೇಕು. ಇಲ್ಲಿ ಉಲ್ಟಾ. ಬೆಳಗ್ಗೆ ಬರುವಾಗ ತಣ್ಣಗೆ, ಮಧ್ಯಾಹ್ನ ಬಿಸಿ. ಡೇಕೇರಿಗೆ ಬರುವ ಮೊದಲೇ ಯಾರೋ ಕುಡಿಸಿದಾರೆ, ಐದು ಗಂಟೆಯಲ್ಲಿ ಅದರ ಶಕ್ತಿ ಇಳಿದಿದೆ."

"ಆಕೀನ ಬರದ ಪುಸ್ತಕ ಅದು" ಎಂದಳು ಕೀರ್ತಿ. "ಏನರ ಬರೀಬಹುದು."

"ಬರೀಬಹುದು. ಆದರೆ ಮೂರು ದಿನವೂ ಎರಡೂವರೆಗೆ ರಜನಿ ಫೋನ್ ಮಾಡಿದಾಳೆ. ಅದು ಅವಳ ಫೋನಿನಲ್ಲಿದೆ, ನಿಮ್ಮ ಮನೆಯವರ ಫೋನಿನಲ್ಲೂ ಇದೆ. ಮಗುವಿಗೆ ಕದ್ದು ಔಷಧಿ ಕುಡಿಸಿದವರು ಮೈ ಬಿಸಿ ಇದೆ ಅಂತ ತಾವೇ ಅಳೆದು ಹೇಳ್ತಾರಾ?"

ಗಣಪತಿ ಕಲ್ಮೇಶನ ಬೆನ್ನು ನೋಡುತ್ತಿದ್ದ.

"ನೀವು ಮನೆ ಬಿಡೋದು ಎಷ್ಟಕ್ಕೆ?" ವೈಶಾಲಿ ಕೀರ್ತಿಯನ್ನು ಕೇಳಿದಳು.

"ಆರೂ ಮುಕ್ಕಾಲು. ತನ್ಮಯ ಮಲಗಿರತಾನ."

"ಆರೂವರೆಗೆ ಕುಡಿಸಿದ್ರೆ ಹನ್ನೊಂದೂವರೆಗೇ ಜ್ವರ ಏರಬೇಕಿತ್ತು. ಏರಿದ್ದು ಎರಡೂವರೆಗೆ. ಅಂದ್ರೆ ಕುಡಿಸಿದ್ದು ಒಂಬತ್ತರ ಮೇಲೆ, ಡೇಕೇರಿಗೆ ಬಿಡುವ ಮುಂಚೆ, ಬಹುಶಃ ಕಾರಿನಲ್ಲೇ. ಶುಕ್ರವಾರ ಅವಸರದಲ್ಲಿ ಬಾಟ್ಲಿ ಮಗುವಿನ ಚೀಲದಲ್ಲೇ ಉಳೀತು. ಕಲ್ಮೇಶ್, ಕಾಲ್ ಬಂದ ಹತ್ತು ನಿಮಿಷಕ್ಕೆ ನೀವು ಬಾಗಿಲಲ್ಲಿರ್ತಿದ್ರಿ. ನಿನ್ನೆ ಖಾಲಿ ರಸ್ತೆಯಲ್ಲಿ ನಮಗೆ ಇಪ್ಪತ್ತೆರಡು ನಿಮಿಷ ಬೇಕಾಯ್ತು. ಇಪ್ಪತ್ತನೇ ತಾರೀಕಿನಿಂದ ನೀವು ಫ್ಯಾಕ್ಟೋರಿಯಾಗೆ ಹೋಗ್ತಿಲ್ಲ, ಅಲ್ವಾ?"

ಕಲ್ಮೇಶ್ ತಿರುಗಿದ. ಹೆಂಡತಿಯನ್ನು ನೋಡದೆ, ಅವಳ ಹಿಂದಿನ ತಿಮಿಂಗಿಲಕ್ಕೆ ಹೇಳುವವನಂತೆ ಹೇಳಿದ. "ಕೆಲಸದಿಂದ ತಗದಾರ. ಎರಡು ವಾರ ಆಗಾಕ ಬಂತು. ದಿನಾ ಶಾಪಿಂಗ್ ಸೆಂಟರ್ ಪಾರ್ಕಿಂಗ್‌ನ್ಯಾಗ ಕಾರಿನೊಳಗ ಕುಂತು ಅರ್ಜಿ ಹಾಕತಿದ್ದೆ."

"ನನಗ್ಯಾಕ ಹೇಳಲಿಲ್ಲ?" ಕೀರ್ತಿಯ ದನಿ ಏರಲಿಲ್ಲ.

"ಹೇಳಿದ್ರ ನೀ ನಿನ್ನ ಕಂಪನಿಗೆ ತಿಳಸಬೇಕಾಗ್ತಿತ್ತು. ಇಬ್ಬರೂ ಕೆಲಸದಾಗ ಇಲ್ಲಂದ್ರ ವೋಚರ್ ಇಲ್ಲ. ಸೀಟು ಹೋದ್ರ ಮತ್ತ ಸಿಗೂದಿಲ್ಲ. ನಾ ಇಂಟರ್ವ್ಯೂಗೆ ಹೆಂಗ ಹೋಗ್ಲಿ? ಎರಡು ತಿಂಗಳದಾಗ ಕೆಲಸ ಸಿಗಲಿಲ್ಲಂದ್ರ ವೀಸಾನೂ ಹೋಗತದ."

"ಅದಕ್ಕೇ ಜ್ವರ ಮುಚ್ಚಿಟ್ರಿ" ಎಂದಳು ವೈಶಾಲಿ. "ನೂರು ಪಾಯಿಂಟ್ ನಾಲ್ಕು ದಾಟಿದ್ರೆ ಡೇಕೇರ್ ಮಗುವನ್ನ ಸೇರಿಸಲ್ಲ, ಜ್ವರ ಬಿಟ್ಟು ಒಂದು ಪೂರ್ತಿ ದಿನ ಆಗಬೇಕು. ಅಷ್ಟಾಗಿದ್ರೆ ಹದಿನಾರನೇ ಹಾಜರಿ ತಪ್ಪುತ್ತಿತ್ತು. ಮೈ ಬಿಸಿಯಾಗ್ತಿದೆ ಅಂತ ಕಾಲ್ ಬಂದ ಕೂಡಲೇ, ಅದು ಗೆರೆ ದಾಟುವ ಮುಂಚೆ ಬಂದು ಎತ್ಕೊಂಡು ಹೋಗ್ತಿದ್ರಿ. ಎಷ್ಟು ಕುಡಿಸಿದ್ರಿ, ಸರಿಯಾಗಿ ಹೇಳಿ."

"ಐದು ಎಂಎಲ್. ಮುಂಜಾನೆ, ಮಧ್ಯಾಹ್ನ ಕರಕೊಂಡು ಬಂದಮ್ಯಾಲ, ಮಲಗೋ ಮುಂದ. ಡಾಕ್ಟರ್ ಕೊಟ್ಟ ಚಾರ್ಟ್‌ನ್ಯಾಗ ಅಷ್ಟೇ ಅದ. ಹೆಚ್ಚು ಕೊಟ್ಟಿಲ್ಲ ನಾ. ಒಂದು ಹನಿ ಹೆಚ್ಚು ಕೊಟ್ಟಿಲ್ಲ."

ಮುಂದಿನದನ್ನು ಹೇಳುವುದು ವೈಶಾಲಿಗೆ ಕಷ್ಟವಾಗುತ್ತಿದೆ ಎಂದು ಗಣಪತಿಗೆ ಗೊತ್ತಾಯಿತು.

"ಆ ಚಾರ್ಟ್ ಇಲ್ಲಿನ ಸಿರಪ್‌ದು, ಕಲ್ಮೇಶ್. ಇಲ್ಲಿ ಐದು ಎಂಎಲ್‌ನಲ್ಲಿ ನೂರಾ ಅರವತ್ತು ಮಿಲಿಗ್ರಾಂ. ನೀವು ತಂದಿದ್ದು ಹನಿ ಲೆಕ್ಕದಲ್ಲಿ ಹಾಕುವ ಗಟ್ಟಿ ಔಷಧಿ, ಒಂದು ಎಂಎಲ್‌ಗೇ ನೂರು. ಐದಕ್ಕೆ ಐನೂರು. ಅದಕ್ಕೇ ಅದರ ಜೊತೆ ಸಣ್ಣ ನಳಿಕೆ ಕೊಟ್ಟಿರ್ತಾರೆ. ಅದು ಎಲ್ಲಿ?"

"ಸೂಟ್‌ಕೇಸಿನ್ಯಾಗ ಒಡದು ಹೋಗಿತ್ತು. ಇಲ್ಲಿನ ಸಿರಪ್ ಸೋಮವಾರ ಮುಗೀತು. ಅದರ ಸಿರಿಂಜ್ ಇತ್ತಲ್ಲ ಅಂತ…"

"ಪ್ರತಿ ಸಲವೂ ಮೂರು ಪಟ್ಟು. ಶುಕ್ರವಾರ ಬೆಳಗ್ಗೆಗೆ ಹತ್ತು ಸಲ. ಮೂರು ಬಾಟ್ಲಿ ಪೂರ್ತಿ, ನಾಲ್ಕನೇದರಲ್ಲಿ ಐದು ಎಂಎಲ್. ನಿಮ್ಮ ಕಪಾಟಿನಲ್ಲಿ ಎರಡು ಉಳಿದಿರಬೇಕು. ಮಗುವನ್ನ ಕೊಲ್ಲೋಕೆ ಯಾರೂ ಹೊರಟಿರಲಿಲ್ಲ. ಆದರೆ ಬಾಟ್ಲಿ ದ್ಯಾಮವ್ವನ ಚೀಲದಲ್ಲಿ ಸಿಕ್ಕಿತು ಅಂತ ಗೊತ್ತಾದ ಮೇಲೂ ನೀವು ಸುಮ್ಮನಿದ್ರಿ. ಅದು ತಪ್ಪಿ ಆದದ್ದಲ್ಲ. ಈಗ ಎದ್ದು ಹೋಗಿ ಆ ಹತ್ತು ಸಲದ ಹೊತ್ತನ್ನೂ ಡಾಕ್ಟರ್‌ಗೆ ಹೇಳಿ. ಅವರಿಗೆ ಅದು ಬೇಕು."

ಕಲ್ಮೇಶ್ ಹೊರಟ. ರಜನಿ ಬಾಗಿಲು ತೆರೆದುಕೊಟ್ಟು ಅವನ ಜೊತೆ ನಡೆದಳು.

ಕೀರ್ತಿ ಅಳಲಿಲ್ಲ. ಬೇರೆ ಲಿವರ್ ಹಾಕಬೇಕೋ ಬೇಡವೋ ಎಂಬುದನ್ನು ಇನ್ನೆರಡು ದಿನದಲ್ಲಿ ನಿರ್ಧರಿಸುತ್ತಾರೆ ಎಂದು, ಯಾರೂ ಕೇಳದೆಯೇ, ಬೇರೆಯವರ ಮಗುವಿನ ವಿಚಾರ ಹೇಳುವಂತೆ ಹೇಳಿದಳು. ಆಮೇಲೆ ದ್ಯಾಮವ್ವನ ಕಡೆ ನೋಡಿ ಏನೋ ಹೇಳಲು ಬಾಯಿ ತೆರೆದಳು. ಮುದುಕಿ ಕೈ ಅಡ್ಡ ಹಿಡಿದಳು.

"ತಡೀರಿ. ನಂದೊಂದು ಮಾತೈತಿ." ಅವಳು ವೈಶಾಲಿಗೆ ಹೇಳಿದಳು. "ಆ್ಯಂಬುಲೆನ್ಸ್‌ನವರು ಬಂದಾಗ ಕೇಳಿದ್ರು, ಕೂಸಿಗೆ ಮೆಡಿಸಿನ್ ಏನರ ಕೊಟ್ಟೀರೇನು ಅಂತ. ಅಷ್ಟು ಇಂಗ್ಲಿಷ್ ನನಗ ತಿಳಿತೈತ್ರಿ. ಬಾಟ್ಲಿ ನನ್ನ ಚೀಲದಾಗಿತ್ತು. ತೋರಿಸಿದ್ರ ನನ್ನ ಮ್ಯಾಲ ಬರತೈತಿ ಅಂತ ಅಂಜಿ ಇಲ್ಲ ಅಂದೆ. ಸಂಜೀಗೆ ಆಫೀಸರು ಹುಡುಕಿ ತಗಿಯೂತನಕ ನಾಕು ತಾಸು ಹೋತು."

ಹಿಡಿದಿಟ್ಟುಕೊಂಡದ್ದು ಇದನ್ನೇ, ಮುದುಕಿ ನಿನ್ನೆ ತಮ್ಮ ಮನೆಯಲ್ಲಿ ನೆಲ ನೋಡಿದ್ದು ಇದಕ್ಕೇ ಎಂದು ಗಣಪತಿಗೆ ಈಗ ಹೊಳೆಯಿತು. ಅವಳ ಮೇಲೆ ಸಂಶಯಪಟ್ಟದ್ದು ಸರಿಯಾಗಿತ್ತು, ತಪ್ಪೂ ಆಗಿತ್ತು.

"ನಾಕು ತಾಸು ಮೊದಲ ಗೊತ್ತಾಗಿದ್ರ ಕೂಸಿಗೆ ಚಲೋ ಆಗತಿತ್ತೇನ್ರಿ?"

"ಗೊತ್ತಿಲ್ಲ ದ್ಯಾಮವ್ವ" ಎಂದಳು ವೈಶಾಲಿ. ಸಮಾಧಾನಕ್ಕೆಂದು ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

"ನಾಳೆ ಇದನ್ನೂ ಹೇಳಬೇಕೇನು?"

"ಹೇಳಬೇಕು. ನಾನು ಜೊತೆಗಿರ್ತೀನಿ. ನಿಮ್ಮ ಮಾತನ್ನ ನಾನೇ ಇಂಗ್ಲಿಷ್‌ನಲ್ಲಿ ಹೇಳ್ತೀನಿ, ಬಿಡದೆ ಅಷ್ಟೂ."

ದ್ಯಾಮವ್ವ ತಲೆಯಾಡಿಸಿದಳು. ಜಾಕೆಟ್ ತೆಗೆದು ತೊಡೆಯ ಮೇಲಿಟ್ಟುಕೊಂಡು, ಕೀರ್ತಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಕೀರ್ತಿ ಅವಳ ಕಡೆ ತಿರುಗಲಿಲ್ಲ, ದೂರವೂ ಸರಿಯಲಿಲ್ಲ. ಕಾರಿಡಾರಿನ ಆ ತುದಿಯಲ್ಲಿ ಕಲ್ಮೇಶ್ ಡಾಕ್ಟರ ಎದುರು ನಿಂತು ಬೆರಳು ಮಡಚಿ ಎಣಿಸುತ್ತಿದ್ದ. ಇಬ್ಬರು ಹೆಂಗಸರೂ ಅದನ್ನು ನೋಡುತ್ತ ಕೂತರು.