ಚಹಾದಲ್ಲಿ ಅದ್ದಿದ ಕೋಟು

ಕೆಂಪು ಕೋಟಿಗೆ ಗುಂಡಿ ಹಾಕುತ್ತಿದ್ದ ಅವಳ ಸೂಜಿ ನಿಂತಿತು. ಬಟ್ಟೆಯಿಂದ ಚಹಾದ ವಾಸನೆ. ಕಿಟಕಿಯ ಬೆಳಕಿಗೆ ಹಿಡಿದಳು. ಬೇರು ಕುದಿಸಿ ತಾನೇ ಹಾಕಿದ್ದ ಬಣ್ಣ ತುಕ್ಕು ಹಿಡಿದಂತೆ ಮಂಕಾಗಿತ್ತು.

ಮ್ಯೂಸಿಯಂ ಅಂಗಳದಲ್ಲಿ ಭಾನುವಾರಗಳಂದು ಹಳೆಯ ಯುದ್ಧವೊಂದನ್ನು ಆಡಿ ತೋರಿಸುವ ತಂಡಕ್ಕೆ ಅವಳು ಟೈಲರ್. ಆ ಕೋಟು ತೊಡುವವನು ವಾರವೆಲ್ಲ ಗಡಿಯಾರ ರಿಪೇರಿ ಮಾಡುತ್ತಾನೆ; ಇಲ್ಲಿ ಮಾತ್ರ ಎಲ್ಲರಿಗೂ ಸೇನಾಪತಿ. ಬಾಗಿಲಲ್ಲಿ ಬಂದು ನಿಂತವನು ಅವಳ ಮುಖ ನೋಡಿ ಕಣ್ಣು ತಗ್ಗಿಸಿದ.

"ಹಳೇದು ಕಾಣಲಿ ಅಂತ ನಾನೇ ಚಹಾದಲ್ಲಿ ಅದ್ದಿದ್ದು. ಹೋದ ವಾರ ಜನ, ಬ್ಯಾಂಡ್‌ಸೆಟ್‌ನವರು ಬಂದ್ರು ಅಂತ ನಕ್ಕರು. ನಿಮ್ಮ ಹೊಲಿಗೆ ನೋಡಿ ಅವರು ನಗೋದನ್ನ ನನಗೆ ಸಹಿಸೋಕೆ ಆಗಲಿಲ್ಲ."

"ಹಳೇ ಕಾಲದೋರು ಹಳೇ ಬಟ್ಟೇನೇ ಹೊಲಿಸ್ಕೋತಿದ್ರಾ ಸೇನಾಪತಿಗಳೇ? ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

ಅವನು ಕೋಟು ಎತ್ತಿಕೊಂಡು ತೋಳು ತೂರಿಸಿದ.

ಅವಳಿಗೆ ಕೋಟಿಗಿಂತ ದೊಡ್ಡ ಚಿಂತೆಯಿತ್ತು. ಸಂಬಂಧವೊಂದು ಬಂದಿದೆ, ಮನಸ್ಸಿನಲ್ಲಿ ಬೇರೆ ಯಾರಾದರೂ ಇದ್ದರೆ ತಿಳಿಸು, ಇಲ್ಲದಿದ್ದರೆ ಒಪ್ಪಿಗೆ ಕೊಟ್ಟುಬಿಡುತ್ತೇನೆ ಎಂದು ಅಣ್ಣ ಬರೆದು ಎರಡು ವಾರ ಕಳೆದಿತ್ತು. ಮನಸ್ಸಿನಲ್ಲಿದ್ದವನು ಇವನೇ; ಆದರೂ ಉತ್ತರ ಹೋಗಿರಲಿಲ್ಲ. ಇವನಿಗೂ ಅದು ಗೊತ್ತು. ಗೊತ್ತಿದ್ದೂ ಬಾಯಿ ಬಿಡುವವನಲ್ಲ. ನಾಲ್ಕು ಜನರ ನಗುವಿಗೆ ಅಂಜಿ ಬಣ್ಣವನ್ನೇ ಮುಳುಗಿಸಿದವನು ಅಣ್ಣನೆದುರು ನಿಂತಾನೆಯೇ?

ಆಟ ಶುರುವಾಯಿತು. ಮುಂದಿನ ಸಾಲಿನ ಹಿರಿಯರೊಬ್ಬರು, ಈಗ ನೋಡಿ, ಅಸಲಿ ಅನ್ನಿಸುತ್ತದೆ ಎಂದು ಮೆಚ್ಚಿದರು. ಜನ ಚಪ್ಪಾಳೆ ತಟ್ಟಿದರು. ಪರದೆಯ ಹಿಂದೆ ಅವಳು ತುಟಿ ಕಚ್ಚಿ ನಿಂತಳು.

ಅವನು ಕತ್ತಿ ಕೆಳಗಿಟ್ಟ.

"ಇದು ಅಸಲಿ ಅಲ್ಲ. ನೀವು ನಗ್ತೀರಂತ ಹೆದರಿ ನಾನೇ ಚಹಾದಲ್ಲಿ ಅದ್ದಿದೆ. ಆ ಸೈನಿಕರು ತೊಟ್ಟಾಗ ಕೋಟು ಹೊಸದು, ದಾಸವಾಳದ ಹಾಗೆ ಕೆಂಪು. ಹೊಲಿದವರು ಸರಿಯಾಗೇ ಹೊಲಿದಿದ್ರು."

ಯಾರೋ ಸಿಳ್ಳೆ ಹೊಡೆದರು. ಕೆಲವರು ಎದ್ದು ಹೋದರು. ಅವನು ಕದಲಲಿಲ್ಲ, ಕಿವಿಗಳು ಮಾತ್ರ ಕೋಟಿನ ಮೊದಲಿನ ಬಣ್ಣಕ್ಕೆ ತಿರುಗಿದ್ದವು.

ಪರದೆಯ ಹಿಂದೆ ಬಂದು ಕೋಟು ಬಿಚ್ಚಿ ಅವಳ ಕೈಗಿತ್ತ.

"ಅಣ್ಣನಿಗೆ, ನಾನಿದ್ದೀನಿ ಅಂತ ಬರೀರಿ," ಎಂದ. "ಈ ಸಲ ನಿಮ್ಮನ್ನ ಕೇಳ್ತಿದ್ದೀನಿ. ಒಪ್ಪಿಗೇನಾ?"

"ಅಣ್ಣ ಸಿಟ್ಟಾದ್ರೆ?"

"ಎದುರಿಗೇ ಬಂದು ನಿಲ್ತೀನಿ."

"ಯಾವ ಕೋಟಲ್ಲಿ?"

"ನೀವು ಹೊಲಿದು ಕೊಟ್ಟಿದ್ರಲ್ಲಿ."

ಬಿಗಿದಿದ್ದ ಅವಳ ತುಟಿ ಸಡಿಲವಾಯಿತು. ಹೊಲಿಗೆ ಯಂತ್ರದ ಮೇಲೆಯೇ ಹಾಳೆಯಿಟ್ಟು ಅಣ್ಣನಿಗೆ ಎರಡು ಸಾಲು ಬರೆದಳು. ಇಬ್ಬರೂ ರಸ್ತೆ ದಾಟಿದರು. ಅಂಚೆ ಪೆಟ್ಟಿಗೆಯ ಬಾಯಿಗೆ ಲಕೋಟೆ ಹಿಡಿದು ಒಮ್ಮೆ ಅವನತ್ತ ನೋಡಿದಳು. ಅವನು ಕಣ್ಣು ತಗ್ಗಿಸಲಿಲ್ಲ.

ಅವಳು ಬೆರಳು ಸಡಿಲಿಸಿದಳು.